ವೀಣೆ ಬೀರುವಿನ ಮೇಲಿದ್ದರೆ ಸಾಧನೆ ಆಗುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 46 ವರ್ಷ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕಂದಿನ ಆಸೆ ಅಂತ ಎರಡು ವರ್ಷದ ಹಿಂದೆ ವೀಣೆ ಕಲಿಯಲು ಶುರು ಮಾಡಿದೆ. ಒಳ್ಳೆಯ ಕಛೇರಿ ಕೇಳಿ ಬಂದರೆ ಎಲ್ಲಿಲ್ಲದ ಹುಮ್ಮಸ್ಸು. ಬೀರುವಿನ ಮೇಲಿಂದ ವೀಣೆ ಇಳಿಸಿ ಒಂದೊಂದು ಗಂಟೆ ನುಡಿಸುತ್ತೇನೆ. ನಾಲ್ಕು ದಿನ ಕಳೆದರೆ ಅದು ಮತ್ತೆ ಮೇಲೆ. ಪಾಠ ಆರಂಭದ ಅಭ್ಯಾಸವಾದ ಜಂಟಿ ವರಸೆ ದಾಟಿಲ್ಲ. ನನಗೆ ಶ್ರದ್ಧೆಯೇ ಇಲ್ಲವೇ? ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?
- ಓದುಗರು, ದಾವಣಗೆರೆ

ಉತ್ತರ: ಉತ್ಸಾಹ ಉಳಿಸಿಕೊಳ್ಳುವ ಯೋಚನೆಯನ್ನೇ ಬಿಟ್ಟುಬಿಡಿ. ಅದು ಯಾರಲ್ಲೂ ದಿನಾ ಇರುವುದಿಲ್ಲ. ದೊಡ್ಡ ವಿದ್ವಾಂಸರೂ ಎಷ್ಟೋ ದಿನ ಮನಸ್ಸಿಲ್ಲದೆಯೇ ಕೂರುತ್ತಾರೆ. ಎರಡನೇ ಕಾಲಕ್ಕೆ, ಅಂದರೆ ಮೊದಲಿನ ಎರಡರಷ್ಟು ವೇಗಕ್ಕೆ, ಬರುವಷ್ಟರಲ್ಲಿ ಕೈ ಓಡತೊಡಗುತ್ತದೆ, ಮನಸ್ಸು ಅದರ ಹಿಂದೆಯೇ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಬೀರು. ಸ್ಟೂಲ್ ಹಾಕಿ ವೀಣೆ ಇಳಿಸಬೇಕು. ಗವಸು ಬಿಚ್ಚಬೇಕು, ಚಾಪೆ ಹಾಸಬೇಕು. ನುಡಿಸುವ ನಾಲ್ಕು ತಂತಿ, ತಾಳದ ಮೂರು ತಂತಿ, ಏಳನ್ನೂ ಶ್ರುತಿ ಮಾಡಬೇಕು. ದಣಿದು ಬಂದ ಜೀವಕ್ಕೆ ಇಷ್ಟೆಲ್ಲ ಮಾಡಲು ಹುಮ್ಮಸ್ಸು ಬೇಕೇ ಬೇಕು. ನಿಮ್ಮ ಶ್ರದ್ಧೆಗೆ ಏನೂ ಆಗಿಲ್ಲ. ನಿಮಗೂ ಮೊದಲ ಮೀಟಿಗೂ ನಡುವೆ ಕೆಲಸ ಜಾಸ್ತಿ, ಅಷ್ಟೇ.

ಇವತ್ತೇ ವೀಣೆ ಇಳಿಸಿ. ಹಾಲ್‌ನ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಅದರ ಮೇಲೇ ಇಟ್ಟು, ಹತ್ತಿ ಬಟ್ಟೆ ಮುಚ್ಚಿ. ಬಿಸಿಲು ಬೀಳುವ ಜಾಗ ಬೇಡ. ತಂತಿ ಒತ್ತಿ ಸ್ವರ ಹಿಡಿಯುವ 24 ಮೆಟ್ಟಿಲುಗಳೂ ಮೇಣದ ಮೇಲೆ ಕೂತಿರುತ್ತವೆ. ಮೇಣ ಮೆತ್ತಗಾದರೆ ಅವು ಕದಲುತ್ತವೆ. ಆ ಚಾಪೆಯನ್ನು ಇನ್ನು ಮಡಿಸಬೇಡಿ.

ಹೊತ್ತಿನ ಮಾತು. "ಸಾಯಂಕಾಲ ನುಡಿಸುತ್ತೇನೆ" ಅಂದರೆ ಸಾಯಂಕಾಲ ಹಾಗೇ ಜಾರಿ ಹೋಗುತ್ತದೆ. "ದೇವರಿಗೆ ದೀಪ ಹಚ್ಚಿದ ತಕ್ಷಣ ವೀಣೆ ಮುಂದೆ ಕೂರುತ್ತೇನೆ" ಅನ್ನಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದವರು. ಸುಮ್ನೆ "ಮಾಡುತ್ತೇನೆ" ಅಂದವರಿಗಿಂತ ಯಾವಾಗ, ಎಲ್ಲಿ ಅಂತ ಮೊದಲೇ ಗೊತ್ತುಮಾಡಿಕೊಂಡವರು ಮಾತು ಉಳಿಸಿಕೊಳ್ಳುವುದು ಹೆಚ್ಚು. ನನ್ನ ಹತ್ತಿರ ಕಲಿಯುವ ಒಬ್ಬ ನರ್ಸ್‌ಗೆ ಪಾಳಿ ಕೆಲಸ. ಡ್ಯೂಟಿ ಮುಗಿಸಿ ಬಂದು ಸ್ನಾನ ಆದ ಮೇಲೆ ಅವರ ವೀಣೆ. ಅದು ಬೆಳಿಗ್ಗೆ ಒಂಬತ್ತಾಗಿರಬಹುದು, ರಾತ್ರಿ ಒಂಬತ್ತಾಗಿರಬಹುದು. ಅವರ ಪಾಠ ಎಂದೂ ನಿಂತಿಲ್ಲ.

ಒಂದು ಗಂಟೆಯ ಆಸೆಯನ್ನೂ ಸದ್ಯಕ್ಕೆ ಬಿಡಿ. ಮೊದಲನೇ ಸರಳೆ ವರಸೆ, ಅಂದರೆ ಸ್ವರಗಳ ಮೊಟ್ಟಮೊದಲ ಪಾಠ, ಮಾಯಾಮಾಳವಗೌಳ ರಾಗದಲ್ಲಿ, ಮೂರು ಕಾಲ. ಅಷ್ಟಾದ ಮೇಲೆ ಏಳಬಹುದು. ಬೇಕೆನಿಸಿದರೆ ಮುಂದುವರಿಸಿ. ಪುರಂದರದಾಸರು ಹಾಕಿಕೊಟ್ಟ ಪಾಠಕ್ರಮ ಅಂತ ನಾವು ನಂಬಿರುವ ಈ ವರಸೆಗಳನ್ನು ಎಷ್ಟು ಸಲ ನುಡಿಸಿದರೂ ಕೈಗೆ ಕೆಲಸ ಇದ್ದೇ ಇರುತ್ತದೆ.

ಇನ್ನೊಂದು ವಿಷಯ, ಇದನ್ನು ವೀಣೆಯವರಿಗೇ ಹೇಳಬೇಕು. ನಿಮ್ಮ ಎಡಗೈಯ ತೋರುಬೆರಳು, ನಡುಬೆರಳಿನ ತುದಿ ನೋಡಿಕೊಳ್ಳಿ. ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ತಂತಿ ಒತ್ತುವ ಕಡೆ ಚರ್ಮ ಗಟ್ಟಿಯಾಗಿ ಒಂದು ಗೆರೆ ಮೂಡುತ್ತದೆ. ಆಮೇಲೆ ನೋವಿಲ್ಲ. ನೀವು ನಾಲ್ಕು ದಿನ ಗಂಟೆಗಟ್ಟಲೆ ನುಡಿಸಿ, ತಿಂಗಳು ಬಿಟ್ಟರೆ ಆ ಚರ್ಮ ಮತ್ತೆ ಮೆತ್ತಗಾಗುತ್ತದೆ. ಪ್ರತಿ ಸಲವೂ ಹೊಸಬರ ಹಾಗೆ ಬೆರಳು ಉರಿಯುತ್ತದೆ. ಮನಸ್ಸು ಹಿಂದೇಟು ಹಾಕಲು ಈ ಉರಿಯೂ ಒಂದು ಕಾರಣ. ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ.

ಎಷ್ಟು ದಿನ ಹೀಗೆ ಅಂತ ಕೇಳುತ್ತೀರಿ. 21 ದಿನ ಸಾಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ, ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254ರವರೆಗೂ ಲೆಕ್ಕ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಮದುವೆ ಮನೆಗೆ ಹೋಗಿ ಒಂದು ದಿನ ತಪ್ಪಿತೋ, ಮರುದಿನ ದೀಪ ಹಚ್ಚಿ ಕೂತುಬಿಡಿ. ತಪ್ಪಿದ್ದಕ್ಕೆ ಸೇರಿಸಿ ಎರಡರಷ್ಟು ನುಡಿಸುವುದು ಬೇಡ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ, ಹಾಡು ಕಲಿಯುತ್ತಿದ್ದಾಳೆ. ಚಾಕೊಲೇಟ್ ಕೊಟ್ಟರೆ ಮಾತ್ರ ಸಾಧನೆಗೆ ಕೂರುತ್ತಾಳೆ. ಏನು ಮಾಡಲಿ?
- ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಚಾಕೊಲೇಟ್ ನಿಲ್ಲಿಸಿ, ಆ ಜಾಗದಲ್ಲಿ ನೀವು ಕೂರಿ. ಶಾಲೆಯಿಂದ ಬಂದು ಹಾಲು ಕುಡಿದಾದ ಮೇಲೆ ನೀವೇ ಶ್ರುತಿ ಪೆಟ್ಟಿಗೆ ಹಾಕಿ. ಕೆಲವು ವಾರದಲ್ಲಿ ಆ ಸದ್ದು ಕೇಳಿದರೆ ಹೊತ್ತಾಯಿತು ಅಂತ ಅವಳಿಗೇ ಗೊತ್ತಾಗುತ್ತದೆ. ಹತ್ತು ನಿಮಿಷ ಪಕ್ಕದಲ್ಲಿ ಕೂತು ತಾಳ ಹಾಕಿ. ಸ್ವರ ತಪ್ಪಿದರೆ ತಿದ್ದಲು ಹೋಗಬೇಡಿ. ಅದನ್ನು ಪಾಠದ ದಿನ ಅವಳ ಗುರುಗಳು ನೋಡಿಕೊಳ್ಳುತ್ತಾರೆ.