ಓದುಗರ ಪ್ರಶ್ನೆ: ಪ್ಲೇಆಫ್‌ಗೆ ಮುಂಚೆ ಎರಡು ತಂಡಗಳನ್ನು ತೂಗುವುದು ಹೇಗೆ?

ಪ್ರಶ್ನೆ: ಮಗ ಕೊಲಂಬಸ್‌ನ ಒಹಾಯೊ ಸ್ಟೇಟ್‌ನಲ್ಲಿ ಓದುತ್ತಿದ್ದಾನೆ. ಅವನಿಂದಾಗಿ ನಾವೂ ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡಲು ಶುರು ಮಾಡಿದೆವು. 2025ರ ಜನವರಿ 1ರ ರೋಸ್ ಬೌಲ್‌ನಲ್ಲಿ ನಡೆದ ಒಹಾಯೊ ಸ್ಟೇಟ್–ಆರೆಗನ್ ಪ್ಲೇಆಫ್ ಕ್ವಾರ್ಟರ್‌ಫೈನಲ್ ವಿಡಿಯೊ ನೋಡಿದೆವು. ಆರೆಗನ್ ಆಡಿದ 13 ಪಂದ್ಯಗಳನ್ನೂ ಗೆದ್ದು ಮೊದಲ ಶ್ರೇಯಾಂಕದಲ್ಲಿತ್ತು. ಅಕ್ಟೋಬರ್‌ನಲ್ಲಿ ಒಹಾಯೊ ಸ್ಟೇಟನ್ನೂ ಸೋಲಿಸಿತ್ತು. ಆದರೂ ಪಂದ್ಯಕ್ಕೆ ಮುಂಚೆ ಬಲ್ಲವರು ಒಹಾಯೊ ಕಡೆಗೇ ಸ್ವಲ್ಪ ವಾಲಿದ್ದರಂತೆ. ಏನು ನೋಡಿ? — ಮೈಸೂರು

ಉತ್ತರ: ಅಕ್ಟೋಬರ್ 12ರ ಆ ಪಂದ್ಯದಲ್ಲಿ ಯಾರು ಗೆದ್ದರು ಅನ್ನುವುದನ್ನು ಬಿಟ್ಟು, ಹೇಗೆ ಗೆದ್ದರು ಅನ್ನುವುದನ್ನು ನೋಡಿದ್ದರು. ಸ್ಕೋರು 32–31. ಯೂಜೀನ್‌ನ ಆಟ್ಜೆನ್ ಕ್ರೀಡಾಂಗಣದಲ್ಲಿ 60,129 ಜನ. ಆ ಮೈದಾನಕ್ಕೆ ಅದೇ ದಾಖಲೆ. ಕೊನೆಗೆ ಒಂದು ನಿಮಿಷ 47 ಸೆಕೆಂಡು ಉಳಿದಿರುವಾಗ 19 ಗಜದ ಫೀಲ್ಡ್ ಗೋಲಿನಿಂದ (ಕಿಕ್‌ಗೆ ಮೂರು ಅಂಕ) ಆರೆಗನ್ ಮುಂದೆ ಹೋಯಿತು. ಆಮೇಲೆ ಒಹಾಯೊ ಸ್ಟೇಟ್ ಕಿಕ್ ಹೊಡೆಯುವಷ್ಟು ಹತ್ತಿರಕ್ಕೆ ಬಂದು, ರಿಸೀವರ್ (ಪಾಸ್ ಹಿಡಿಯುವವ) ಮಾಡಿದ ಒಂದು ಫೌಲಿನಿಂದ ಹಿಂದೆ ಸರಿಯಿತು. 10 ಸೆಕೆಂಡು ಉಳಿದಾಗ ಆರೆಗನ್ ಹನ್ನೊಂದರ ಬದಲು ಹನ್ನೆರಡು ಜನರನ್ನು ಕಣಕ್ಕಿಳಿಸಿತು. ದಂಡ ಬರೀ 5 ಗಜ, ಆದರೆ ಗಡಿಯಾರದಲ್ಲಿ 4 ಸೆಕೆಂಡು ಹೋಯಿತು. ಕೊನೆಯ ಆಟದಲ್ಲಿ ಒಹಾಯೊದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವ) ವಿಲ್ ಹೊವರ್ಡ್ ಓಡಿ ಜಾರಿ ಕೂರುವಷ್ಟರಲ್ಲಿ ಸಮಯ ಮುಗಿದಿತ್ತು. ಆ ಹನ್ನೆರಡು ಜನರ ಉಪಾಯ ಮತ್ತೆ ನಡೆಯದಂತೆ ಕೆಲವೇ ದಿನಗಳಲ್ಲಿ ನಿಯಮದ ವ್ಯಾಖ್ಯೆಯನ್ನೇ ಬದಲಿಸಿದರು. ಎದುರಾಳಿಯ ಊರಿನಲ್ಲಿ ಒಂದು ಅಂಕದಿಂದ ಹೀಗೆ ಸೋತ ತಂಡವನ್ನು ಕೆಳಗಿನ ತಂಡ ಅನ್ನಲಾಗದು. ತವರು ಮೈದಾನದ ಲಾಭ ಸಾಮಾನ್ಯವಾಗಿ ಎರಡರಿಂದ ಮೂರು ಅಂಕ. ಅದನ್ನು ಕಳೆದರೆ ಅಂದು ತಕ್ಕಡಿ ಸಮವಾಗಿತ್ತು, ಅಥವಾ ಒಹಾಯೊ ಕಡೆಗೆ ಒಂದಿಷ್ಟು ಬಾಗಿತ್ತು. ರೋಸ್ ಬೌಲ್ ಇರುವುದು ಪ್ಯಾಸಡೀನಾದಲ್ಲಿ, ಯಾರ ತವರೂ ಅಲ್ಲ.

ಎರಡನೆಯದು ಇನ್ನೂ ಮುಖ್ಯ. ಅಕ್ಟೋಬರ್‌ನಲ್ಲಿ ಆರೆಗನ್‌ನ ಕ್ವಾರ್ಟರ್‌ಬ್ಯಾಕ್ ಡಿಲನ್ ಗೇಬ್ರಿಯಲ್ 341 ಗಜ ಪಾಸ್ ಮಾಡಿದ. ಒಹಾಯೊ ಅವನನ್ನು ಒಂದು ಸಲವೂ ಸ್ಯಾಕ್ ಮಾಡಲಿಲ್ಲ, ಅಂದರೆ ಎಸೆಯುವ ಮುನ್ನ ಕೆಡವಲಿಲ್ಲ. ಕಾರಣ, ಅವನು ಚೆಂಡನ್ನು ಬೇಗ ಕೈಬಿಡುತ್ತಿದ್ದ. ಉದ್ದದ ಎಸೆತಗಳಿಗೆ ರಿಸೀವರ್ ಇವಾನ್ ಸ್ಟುವರ್ಟ್ ಇದ್ದ; 7 ಕ್ಯಾಚ್, 149 ಗಜ. ಒಹಾಯೊ ರಿಸೀವರ್‌ಗಳನ್ನು ಕಾಯುವ ತನ್ನ ಕಾರ್ನರ್‌ಬ್ಯಾಕ್‌ಗಳನ್ನು ಅವನೆದುರು ಒಂಟಿಯಾಗಿ ಬಿಟ್ಟಿತ್ತು. ರೋಸ್ ಬೌಲ್ ಹೊತ್ತಿಗೆ ಸ್ಟುವರ್ಟ್ ಗಾಯದಿಂದ ಹೊರಗೆ. ಅವನಿಲ್ಲ ಎಂದರೆ ಕಡಿಮೆಯಾದದ್ದು ಅವನ 149 ಗಜ ಮಾತ್ರವಲ್ಲ. ಹಿಂದೆ ನಿಂತು ಕಾಯುವ ಸೇಫ್ಟಿಗಳು ಒಬ್ಬನ ಕಡೆಗೇ ಓಡಬೇಕಿಲ್ಲ, ಉಳಿದ ರಿಸೀವರ್‌ಗಳನ್ನು ಒತ್ತಿ ಕಾಯಬಹುದು. ಗೇಬ್ರಿಯಲ್ ಚೆಂಡು ಹಿಡಿದು ಅರ್ಧ ಸೆಕೆಂಡು ಹೆಚ್ಚು ಕಾಯಬೇಕಾಗುತ್ತದೆ, ಆ ಅರ್ಧ ಸೆಕೆಂಡಿನಲ್ಲೇ ಸ್ಯಾಕ್ ಆಗುವುದು. ಜೊತೆಗೆ ಆ ಸೋಲಿನ ಬಳಿಕ ಸಂಯೋಜಕ ಜಿಮ್ ನೋಲ್ಸ್ ಒಹಾಯೊ ಡಿಫೆನ್ಸನ್ನು ಬದಲಿಸಿದ್ದರು, ಒತ್ತಡ ಹೇರುವ ದಾರಿಗಳನ್ನು ಹೆಚ್ಚಿಸಿದ್ದರು. ಅಂದರೆ ಆರೆಗನ್ ಎದುರಿಸಬೇಕಿದ್ದದ್ದು ಅಕ್ಟೋಬರ್‌ನ ಡಿಫೆನ್ಸನ್ನಲ್ಲ. ಆ ಸೀಸನ್ನಿನಲ್ಲಿ ಪಂದ್ಯಕ್ಕೆ ಅತಿ ಕಡಿಮೆ ಅಂಕ ಬಿಟ್ಟ ತಂಡ ಒಹಾಯೊ ಸ್ಟೇಟ್, ಸರಾಸರಿ 12.9.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಒಹಾಯೊದ ಲೆಫ್ಟ್ ಟ್ಯಾಕಲ್ (ಕ್ವಾರ್ಟರ್‌ಬ್ಯಾಕನ್ನು ಎಡಬದಿಯಿಂದ ಕಾಯುವವ) ಜಾಶ್ ಸಿಮನ್ಸ್ ಅದೇ ಅಕ್ಟೋಬರ್ ಪಂದ್ಯದಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡು ಸೀಸನ್ನಿಂದ ಹೊರಬಿದ್ದ. ನವೆಂಬರ್‌ನಲ್ಲಿ ಅದೇ ಲೈನಿನ ನಡುವಿನ ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಕೂಡ ಹೋದ. ನವೆಂಬರ್ 30ರಂದು ಮಿಷಿಗನ್ ತಂಡ ಒಹಾಯೊದ ಮನೆಯಂಗಳದಲ್ಲೇ 13–10ರಿಂದ ಗೆದ್ದಿತು. ಅದನ್ನು ನೋಡಿ ಹೆದರಿದವರು ತಪ್ಪು ಮಾಡಲಿಲ್ಲ, ಆದರೆ ಪೂರ್ತಿ ನೋಡಲಿಲ್ಲ. ಮಿಷಿಗನ್ನಿನ ಶಕ್ತಿ ಲೈನಿನ ನಟ್ಟನಡುವೆ ಇದ್ದ ಇಬ್ಬರು ದೈತ್ಯರು, ಮೇಸನ್ ಗ್ರಹಾಮ್ ಮತ್ತು ಕೆನೆತ್ ಗ್ರಾಂಟ್. ಒಹಾಯೊ ಹಟ ಹಿಡಿದು ಅದೇ ನಡುವಿಗೆ ಓಡುತ್ತಲೇ ಇತ್ತು. ಡಿಸೆಂಬರ್ 21ರಂದು ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಟೆನೆಸಿ ವಿರುದ್ಧ ಆ ಹಟ ಬಿಟ್ಟು ರಿಸೀವರ್ ಜೆರೆಮಾಯ ಸ್ಮಿತ್ ಕಡೆಗೆ ಎಸೆಯತೊಡಗಿತು. ಮೊದಲ ಕ್ವಾರ್ಟರ್ ಮುಗಿದಾಗ 21–0, ಕೊನೆಗೆ 42–17. ಟೆನೆಸಿಯ ಮುಂಚೂಣಿ ಏನೂ ಸೌಮ್ಯವಾದದ್ದಲ್ಲ. ಗಾರ್ಡ್ ಸ್ಥಾನದಿಂದ ಲೆಫ್ಟ್ ಟ್ಯಾಕಲ್‌ಗೆ ಬಂದಿದ್ದ ಡಾನವನ್ ಜಾಕ್ಸನ್ ಅದರೆದುರು ನಿಂತುಕೊಂಡ ಅನ್ನುವುದೇ ರೋಸ್ ಬೌಲ್‌ಗೆ ಮುಂಚೆ ಸಿಕ್ಕ ಅತ್ಯುತ್ತಮ ಸುಳಿವು. ಅತ್ತ ಆರೆಗನ್ ತನ್ನ ಕೊನೆಯ ಪಂದ್ಯವಾದ ಬಿಗ್ ಟೆನ್ (ಇವರಿರುವ ಕಾನ್ಫರೆನ್ಸ್, ಅಂದರೆ ತಂಡಗಳ ಗುಂಪು) ಫೈನಲ್‌ನಲ್ಲಿ 45–37ರಿಂದ ಗೆದ್ದರೂ ಪೆನ್ ಸ್ಟೇಟ್‌ನ ಓಟ ತಡೆಯಲು ಪರದಾಡಿತ್ತು.

ಫಲಿತಾಂಶ ನೀವೇ ನೋಡಿದ್ದೀರಿ: ಎರಡನೇ ಕ್ವಾರ್ಟರ್‌ನಲ್ಲೇ 34–0, ಕೊನೆಗೆ 41–21. ಗೇಬ್ರಿಯಲ್ ಎಂಟು ಸಲ ಸ್ಯಾಕ್ ಆದ. ಆದರೆ ಆ ಎಂಟನ್ನೂ ಡಿಫೆನ್ಸಿನ ಜಾಣ್ಮೆಗೇ ಬರೆಯಬೇಡಿ. 34 ಅಂಕ ಹಿಂದಿರುವ ತಂಡ ಓಡುವುದನ್ನು ಬಿಟ್ಟು ಎಸೆಯಲೇಬೇಕು, ಎಸೆಯುತ್ತದೆಂದು ಎದುರಾಳಿಗೆ ಗೊತ್ತಿರುತ್ತದೆ, ಹಾಗಾಗಿ ಸ್ಯಾಕ್ ತಾನಾಗಿಯೇ ಹೆಚ್ಚುತ್ತದೆ. ಲೈನ್ ಮೇಲೆ ಯಾರ ಕೈ ಮೇಲು ಎಂದು ಅಳೆಯಬೇಕಾದರೆ ಅಂತರ ಎರಡು ಟಚ್‌ಡೌನ್ (ಸುಮಾರು 14 ಅಂಕ) ದಾಟುವ ಮುಂಚಿನ ಆಟಗಳನ್ನಷ್ಟೇ ನೋಡಿ.

ಪ್ರಶ್ನೆ: ತಂಡಗಳನ್ನು ಹೋಲಿಸಲು ಅಂಕಿಅಂಶದ ಪುಟ ತೆರೆದರೆ ಐವತ್ತು ಕಾಲಂ. ಒಂದೇ ಹಾಳೆಯಲ್ಲಿ ಮುಗಿಯುವಂತೆ ಯಾವುದನ್ನು ಬರೆದುಕೊಳ್ಳಲಿ? — ಬೆಂಗಳೂರು

ಉತ್ತರ: ಹಾಳೆಯನ್ನು ನಡುವೆ ಮಡಚಿ. ಎಡಕ್ಕೆ ‘ಅ’ ತಂಡದ ಆಫೆನ್ಸ್ (ಚೆಂಡು ಇದ್ದಾಗ ಆಡುವವರು), ಎದುರಿಗೆ ‘ಬ’ ತಂಡದ ಡಿಫೆನ್ಸ್ (ಅವರನ್ನು ತಡೆಯುವವರು). ಹಿಂಬದಿಯಲ್ಲಿ ಇದರ ತಿರುಗುಮುರುಗು. ಆಫೆನ್ಸ್ ಎದುರು ಆಫೆನ್ಸ್ ಇಟ್ಟು ಹೋಲಿಸುವುದೇ ಅಭಿಮಾನಿಗಳು ಮಾಡುವ ಮೊದಲ ತಪ್ಪು. ಅವೆರಡೂ ಒಮ್ಮೆಯೂ ಎದುರುಬದುರಾಗುವುದಿಲ್ಲ.

ಬರೆಯುವ ಮುನ್ನ ಎದುರಾಳಿಗಳ ಪಟ್ಟಿ ಸೋಸಿ. ಕೆಳ ವಿಭಾಗದ ತಂಡಗಳ ಮೇಲೆ ಆಡಿದ ಪಂದ್ಯ ಕೈಬಿಡಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂತರ ಮೂರು ಟಚ್‌ಡೌನ್ ದಾಟಿದ ಮೇಲಿನ ಆಟವನ್ನೂ ಕೈಬಿಡಿ, ಆಗ ಕಣದಲ್ಲಿರುವವರು ಮೀಸಲು ಆಟಗಾರರು. ಚಿನ್ನಸ್ವಾಮಿಯ ಸಣ್ಣ ಬೌಂಡರಿಯಲ್ಲಿ ಹೊಡೆದ ಸಿಕ್ಸರುಗಳನ್ನು ಎಣಿಸಿ ಮೆಲ್ಬರ್ನ್‌ನಲ್ಲೂ ಅಷ್ಟೇ ಬರುತ್ತದೆ ಅಂದುಕೊಂಡ ಹಾಗಾಗಬಾರದು. ಸೋಸಿದ ಮೇಲೆ ಉಳಿದದ್ದನ್ನಷ್ಟೇ ನೋಡಿ. ಅಷ್ಟೇ ಸಾಕು.

ಒಟ್ಟು ಗಜ ಬೇಡ, ಪ್ರತಿ ಆಟಕ್ಕೆ (ಇಡೀ ಪಂದ್ಯವಲ್ಲ, ಚೆಂಡು ಮುಂದೊಯ್ಯುವ ಒಂದೊಂದು ಪ್ರಯತ್ನಕ್ಕೆ) ಎಷ್ಟು ಗಜ ಅನ್ನುವುದನ್ನು ಬರೆಯಿರಿ. ವೇಗವಾಗಿ ಆಡುವ ತಂಡಕ್ಕೆ ಹೆಚ್ಚು ಆಟ ಸಿಗುವುದರಿಂದ ಒಟ್ಟು ಗಜ ಉಬ್ಬಿರುತ್ತದೆ. ಒಳ್ಳೆಯ ಎದುರಾಳಿಗಳ ಮೇಲೆ ಆಟಕ್ಕೆ 6.5 ಗಜ ಗಳಿಸುವ ಆಫೆನ್ಸ್ ಬಹಳ ಒಳ್ಳೆಯದು. 5ಕ್ಕಿಂತ ಕಡಿಮೆ ಬಿಡುವ ಡಿಫೆನ್ಸ್ ಕೂಡ ಹಾಗೆಯೇ.

ಸರಾಸರಿಯೊಂದೇ ಮೋಸ ಮಾಡಬಹುದು. ಒಂದು 70 ಗಜದ ಓಟ, ಮಿಕ್ಕಿದ್ದೆಲ್ಲ ಸೊನ್ನೆ ಎಂದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಯಶಸ್ಸಿನ ಪ್ರಮಾಣವನ್ನೂ ಪಕ್ಕದಲ್ಲಿಡಿ. 10 ಗಜ ಮುಂದೆ ಹೋಗಲು ನಾಲ್ಕು ಪ್ರಯತ್ನ ಸಿಗುತ್ತದೆ, ಒಂದೊಂದೂ ಒಂದು ಡೌನ್. ಮೊದಲ ಡೌನ್‌ನಲ್ಲಿ ಬೇಕಾದ ಗಜದ ಅರ್ಧ, ಎರಡನೆಯದರಲ್ಲಿ ಶೇಕಡಾ 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಸಿಕ್ಕರೆ ಆ ಆಟ ಯಶಸ್ವಿ. ಅಂದರೆ ಮೊದಲ ಡೌನ್, 10 ಗಜ ಬೇಕು, 5 ಬಂತು: ಯಶಸ್ವಿ. ಮೂರನೇ ಡೌನ್, 8 ಬೇಕು, 7 ಬಂತು: ವಿಫಲ. ಪ್ರತಿ ಆಟಕ್ಕೂ ಸರಿ–ತಪ್ಪು ಗುರುತು ಹಾಕುತ್ತಾ ಹೋದರೆ ಟಿವಿ ಮುಂದೆ ಕೂತೇ ಇದನ್ನು ಲೆಕ್ಕ ಹಾಕಬಹುದು. ಇದರ ಜೊತೆ 20 ಗಜ ಮೀರಿದ ಪಾಸ್‌ಗಳೆಷ್ಟು ಎಂದು ಎಣಿಸಿದರೆ ಚಿತ್ರ ಪೂರ್ತಿ.

ಒಂದು ಬಲೆ ಇದೆ. ಕಾಲೇಜ್ ಲೆಕ್ಕದಲ್ಲಿ ಸ್ಯಾಕ್‌ನಿಂದ ಕಳೆದ ಗಜವನ್ನು ಓಟದ ಖಾತೆಯಿಂದ ಕಳೆಯುತ್ತಾರೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪಾಸ್ ಖಾತೆಯಿಂದ. ಅದೇ ರೋಸ್ ಬೌಲ್‌ನಲ್ಲಿ ಆರೆಗನ್‌ನ ಓಟ ಮೈನಸ್ 23 ಗಜ ಎಂದು ದಾಖಲಾಗಿದೆ. ಅದನ್ನು ನೋಡಿ ರನ್ನಿಂಗ್‌ಬ್ಯಾಕ್‌ಗಳು ಹಿಂದಕ್ಕೆ ಓಡಿದರು ಅಂದುಕೊಳ್ಳಬೇಡಿ, ಅದರಲ್ಲಿ ಎಂಟು ಸ್ಯಾಕ್‌ಗಳ ನಷ್ಟ ಸೇರಿದೆ. ಓಟ ತಡೆಯುವ ಶಕ್ತಿ ಅಳೆಯುವಾಗ ಸ್ಯಾಕ್ ಗಜಗಳನ್ನು ಮೊದಲು ವಾಪಸ್ ಕೂಡಿಸಿ, ಆಮೇಲೆ ಭಾಗಿಸಿ.

ಟರ್ನೋವರ್ (ಚೆಂಡು ಎದುರಾಳಿಯ ಪಾಲಾಗುವುದು) ಅಂತರವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಇಂಟರ್‌ಸೆಪ್ಷನ್‌ನಲ್ಲಿ, ಅಂದರೆ ಎದುರಾಳಿಯ ಪಾಸನ್ನು ನಡುವೆಯೇ ಹಿಡಿಯುವುದರಲ್ಲಿ, ಒಂದಿಷ್ಟು ಕೌಶಲವಿದೆ. ಆದರೆ ನೆಲಕ್ಕೆ ಬಿದ್ದ ಚೆಂಡು ಯಾರ ಕೈಗೆ ಹೋಗುತ್ತದೆ ಅನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಫಂಬಲ್ ಹೆಕ್ಕಿಕೊಂಡೇ ಪಂದ್ಯ ಗೆದ್ದು ಬಂದ ತಂಡಕ್ಕೆ ಜನವರಿಯಲ್ಲೂ ಆ ಅದೃಷ್ಟ ಇರುತ್ತದೆಂದು ನಂಬಲು ಕಾರಣವಿಲ್ಲ.

ಪ್ರಶ್ನೆ: ನಾವು ಡಕ್ಸ್ (ಆರೆಗನ್) ಅಭಿಮಾನಿಗಳು. ನಮ್ಮ ತಂಡವನ್ನು ಸೋಲಿಸಿದ್ದು ಒಹಾಯೊ ಅಲ್ಲ, 25 ದಿನದ ರಜೆ. ಆ ವರ್ಷ ಬೈ ಸಿಕ್ಕ (ಮೊದಲ ಸುತ್ತು ಆಡದೆ ಮುಂದೆ ಹೋದ) ನಾಲ್ಕು ತಂಡಗಳೂ ಕ್ವಾರ್ಟರ್‌ಫೈನಲ್‌ನಲ್ಲೇ ಸೋತವು. ಬೈ ಸಿಗುವುದೇ ಶಾಪವಲ್ಲವೇ? — ಪೋರ್ಟ್‌ಲ್ಯಾಂಡ್, ಆರೆಗನ್

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ, ಲೆಕ್ಕ ಒಪ್ಪಲಾಗುವುದಿಲ್ಲ. ಡಿಸೆಂಬರ್ 7ರಿಂದ ಜನವರಿ 1ರವರೆಗೆ 25 ದಿನ ನಿಜ. ಒಹಾಯೊಗೆ 11 ದಿನ. ಲಯ ತಪ್ಪಿತು ಅನ್ನುವುದಕ್ಕೆ ಆಧಾರ ಒಂದಿಷ್ಟು ಇರಬಹುದು. ಆದರೆ ನಾಲ್ಕೂ ಸೋತದ್ದಕ್ಕೆ ಬೇರೆ ಕಾರಣಗಳಿವೆ.

ಪ್ಲೇಆಫ್ 4 ತಂಡಗಳಿಂದ 12ಕ್ಕೆ ಏರಿದ ಮೊದಲ ವರ್ಷ ಅದು. ಆಗಿನ ನಿಯಮದಂತೆ ಮೊದಲ ನಾಲ್ಕು ಸ್ಥಾನ ಮತ್ತು ಬೈ ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಮೀಸಲು. ಹಾಗಾಗಿ ತಂಡಗಳನ್ನು ಆರಿಸುವ ಸಮಿತಿ 9ನೇ ಸ್ಥಾನದಲ್ಲಿಟ್ಟಿದ್ದ ಬೋಯ್ಸಿ ಸ್ಟೇಟ್ ಮೂರನೇ ಶ್ರೇಯಾಂಕ ಪಡೆಯಿತು, 12ನೇ ಸ್ಥಾನದ ಅರಿಜೋನಾ ಸ್ಟೇಟ್ ನಾಲ್ಕನೆಯದು. ಎದುರಿಗೆ ಬಂದ ಪೆನ್ ಸ್ಟೇಟ್, ಟೆಕ್ಸಸ್ ಎರಡೂ ಅವಕ್ಕಿಂತ ಬಲವಾದವು. ಆದರೂ ಅರಿಜೋನಾ ಸ್ಟೇಟ್ ಟೆಕ್ಸಸ್ ತಂಡವನ್ನು ಎರಡು ಓವರ್‌ಟೈಮ್‌ವರೆಗೆ ಎಳೆಯಿತು. ಜಾರ್ಜಿಯಾ ತಂಡ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್‌ನನ್ನು ಕಳೆದುಕೊಂಡಿತ್ತು, ನೋಟ್ರ ಡೇಮ್ ವಿರುದ್ಧ ಶುರುವಿನಿಂದ ಆಡಿದ್ದು ಗನ್ನರ್ ಸ್ಟಾಕ್‌ಟನ್. ಆ ಅಸಂಗತಿಯಿಂದಾಗಿಯೇ 2025ರ ಸೀಸನ್ನಿನಿಂದ ಸಮಿತಿಯ ಕ್ರಮಾಂಕವೇ ನೇರವಾಗಿ ಶ್ರೇಯಾಂಕವಾಯಿತು. ನಿಮ್ಮ ತಂಡಕ್ಕೆ ಆದ ಅನ್ಯಾಯ ರಜೆಯಲ್ಲಿ ಇರಲಿಲ್ಲ. ಸಮಿತಿ ಆರನೇ ಸ್ಥಾನದಲ್ಲಿಟ್ಟಿದ್ದ ಒಹಾಯೊ ಸ್ಟೇಟ್ ಎಂಟನೇ ಶ್ರೇಯಾಂಕಕ್ಕೆ ಇಳಿದು, ಮೊದಲನೇ ತಂಡಕ್ಕೇ ಬಂದು ಬಡಿಯಿತು. ದೂರುವುದಾದರೆ ಅದನ್ನು ದೂರಿ.

ಹೋಲಿಸುವಾಗ ಬೈ ತಂಡಕ್ಕೆ ಅಂಕ ಕಳೆಯುವ ಬದಲು ಎರಡು ಪ್ರಶ್ನೆ ಕೇಳಿ: ಗಾಯಗೊಂಡ ಯಾರು ಆ ಮೂರು ವಾರದಲ್ಲಿ ಮರಳಿದರು? ಕೋಚ್‌ಗಳಲ್ಲಿ ಯಾರು ಈಗಾಗಲೇ ಬೇರೆ ಕೆಲಸಕ್ಕೆ ಹೊರಟಿದ್ದಾರೆ?

ಪ್ರಶ್ನೆ: ಪಂದ್ಯದ ಮುಂಚೆ ಒಂದು ತಂಡದ ಮುಂದೆ ಮೈನಸ್ ಎರಡೂವರೆ ಅಂತ ಬರೆದಿರುತ್ತದೆ. ಇದು ಏನು? — ಹುಬ್ಬಳ್ಳಿ

ಉತ್ತರ: ಆ ತಂಡ ಮೂರು ಅಂಕ ಅಥವಾ ಹೆಚ್ಚಿನ ಅಂತರದಿಂದ ಗೆದ್ದರೆ ಮಾತ್ರ ಅದರ ಮೇಲೆ ಪಣ ಕಟ್ಟಿದವರಿಗೆ ಲಾಭ ಎಂದು. ಪಣದ ಗೋಜಿಗೆ ಹೋಗದವರಿಗೂ ಇದು ಉಪಯೋಗಕ್ಕೆ ಬರುತ್ತದೆ: ಇಡೀ ಮಾರುಕಟ್ಟೆ ಗಾಯ, ಮೈದಾನ, ಬಲಾಬಲ ಎಲ್ಲ ಸೇರಿಸಿ ಹಾಕಿದ ಅಂದಾಜು ಅದು. ನಿಮ್ಮ ಹಾಳೆ ಹೇಳುವುದಕ್ಕೂ ಅದಕ್ಕೂ ಒಂದು ಟಚ್‌ಡೌನ್‌ನಷ್ಟು ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ನೀವು ಯಾವುದೋ ಗಾಯದ ಸುದ್ದಿ ಓದಿಲ್ಲ ಎಂದೇ ಅರ್ಥ.

ಪ್ರಶ್ನೆ: ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲವಲ್ಲ? — ಡಬ್ಲಿನ್, ಒಹಾಯೊ

ಉತ್ತರ: ಪ್ಲೇಆಫ್‌ಗೆ ಸೇರದ, ಸೀಸನ್ ಕೊನೆಯ ಮಾಮೂಲಿ ಬೌಲ್ ಪಂದ್ಯಗಳಲ್ಲಿ ಎನ್‌ಎಫ್‌ಎಲ್‌ಗೆ ಹೋಗಲಿರುವವರು ಗಾಯದ ಭಯಕ್ಕೆ ಹಿಂದೆ ಸರಿಯುವುದುಂಟು, ಪ್ಲೇಆಫ್‌ನಲ್ಲಿ ಅದು ಅಪರೂಪ. ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬಯಸುವವರು ಹೆಸರು ಕೊಡುವ ಪಟ್ಟಿ) ಬೇರೆ ವಿಷಯ. 2024ರ ಡಿಸೆಂಬರ್‌ನಲ್ಲಿ ಪೆನ್ ಸ್ಟೇಟ್‌ನ ಎರಡನೇ ಕ್ವಾರ್ಟರ್‌ಬ್ಯಾಕ್ ಬೋ ಪ್ರಿಬುಲಾ ಪ್ಲೇಆಫ್ ಶುರುವಾಗುವ ಮುಂಚೆಯೇ ಪೋರ್ಟಲ್‌ಗೆ ಹೋದ. ಅಂಥ ಹೆಸರು ಮುಖ್ಯ ಹನ್ನೊಂದರಲ್ಲಿ ಇಲ್ಲದ್ದರಿಂದ ಯಾರೂ ಗಮನಿಸುವುದಿಲ್ಲ. ಮೊದಲ ಕ್ವಾರ್ಟರ್‌ಬ್ಯಾಕ್ ಕುಂಟಿದ ದಿನ ಗಮನಕ್ಕೆ ಬರುತ್ತದೆ. ಪಂದ್ಯದ ದಿನ ವಾರ್ಮ್‌ಅಪ್ ನೋಡಿ. ಆಫೆನ್ಸಿವ್ ಲೈನಿನ ಐವರು ಒಟ್ಟಿಗೆ ಅಭ್ಯಾಸ ಮಾಡುವಾಗ ಯಾರು ಯಾವ ಜಾಗದಲ್ಲಿ ನಿಂತಿದ್ದಾರೆ ಅನ್ನುವುದು ಯಾವ ಕೋಚ್ ಹೇಳಿಕೆಗಿಂತಲೂ ಸತ್ಯ.

ಪ್ರಶ್ನೆ: ಭಾರತದಲ್ಲಿ ಎಷ್ಟು ಹೊತ್ತಿಗೆ ಏಳಬೇಕು? — ಮಂಗಳೂರು

ಉತ್ತರ: ಚಳಿಗಾಲದಲ್ಲಿ ಅಮೆರಿಕದ ಪೂರ್ವ ಸಮಯಕ್ಕೆ ಹತ್ತೂವರೆ ಗಂಟೆ ಕೂಡಿಸಿ. ಅಲ್ಲಿ ಸಂಜೆ 5ಕ್ಕೆ ಶುರುವಾದ 2025ರ ರೋಸ್ ಬೌಲ್ ಇಲ್ಲಿ ಮುಂಜಾನೆ ಮೂರೂವರೆ. ಸಂಜೆ ಏಳೂವರೆಯ ಫೈನಲ್ ನಮಗೆ ಮರುದಿನ ಬೆಳಗ್ಗೆ 6. ಪಂದ್ಯ ಸುಮಾರು ಮೂರೂವರೆ ಗಂಟೆ.

ಪ್ರಶ್ನೆ: ಎರಡು ತಂಡ ಸಮಬಲ ಅನ್ನಿಸಿದರೆ ಓವರ್‌ಟೈಮ್‌ಗೆ ಯಾರು ಮೇಲು ಅಂತ ನೋಡುವುದು ಹೇಗೆ? — ಶಿವಮೊಗ್ಗ

ಉತ್ತರ: ಕಾಲೇಜ್ ಓವರ್‌ಟೈಮ್‌ನಲ್ಲಿ ಪ್ರತಿ ತಂಡಕ್ಕೂ 25 ಗಜದ ಗೆರೆಯಿಂದ ಒಂದು ಸರದಿ. ಹಾಗಾಗಿ ಉದ್ದ ಪಾಸ್‌ನಿಂದ ಬದುಕುವ ತಂಡದ ಹಲ್ಲು ಅರ್ಧ ಕಿತ್ತ ಹಾಗೆ. ಮೊದಲ ಓವರ್‌ಟೈಮ್‌ನಲ್ಲಿ ಕಿಕ್ಕರ್ ಭದ್ರವಾಗಿದ್ದರೆ ಸಾಕು. ಒಂದಂಗುಲ ಮುಂದೆ ಹೋಗದಿದ್ದರೂ ಅವನಿಗೆ ಸಿಗುವುದು 42–43 ಗಜದ ಕಿಕ್. ಎರಡನೆಯದರಲ್ಲಿ ಟಚ್‌ಡೌನ್ ಆದಮೇಲೆ ಎರಡು ಅಂಕದ ಪ್ರಯತ್ನ ಕಡ್ಡಾಯ. ಮೂರನೆಯದರಿಂದ ಉಳಿಯುವುದು ಬರೀ ಎರಡು ಅಂಕದ ಪ್ರಯತ್ನಗಳು, 3 ಗಜದ ಗೆರೆಯಿಂದ ಒಂದೊಂದೇ ಆಟ. ಅಲ್ಲಿ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಇರುವ ತಂಡದ ಕಡೆ ವಾಲಿ. ಪಾಸೋ ಓಟವೋ ಎಂದು ಕೊನೇ ಕ್ಷಣದವರೆಗೂ ಗುಟ್ಟು ಬಿಡದವನನ್ನು ಮೂರು ಗಜದಲ್ಲಿ ತಡೆಯುವುದು ಯಾವ ಡಿಫೆನ್ಸಿಗೂ ಕಷ್ಟ.