‘ಚಿಂತೆ ಮಾಡಬೇಡಿ’ ಎಂಬ ವಚನವೇ ಚುಚ್ಚಿದಾಗ

ಕಣದಲ್ಲಿ ಹರಡಿದ ಕಾಫಿ ಮಳೆಗೆ ಬೂಷ್ಟು ಹಿಡಿದಿದೆ, ‘ಚಿಂತೆ ಮಾಡಬೇಡಿ’ ಎನ್ನುವ ಬೈಬಲಿನ ಮತ್ತಾಯ 6:25 ಓದಿದರೆ ಸಮಾಧಾನದ ಬದಲು ತಪ್ಪಿತಸ್ಥ ಭಾವ ಬರುತ್ತದೆ ಅಂದಿದ್ದೀರಿ. ಬಹುಶಃ ಆ ಒಂದೇ ವಚನಕ್ಕೆ ನಿಲ್ಲಿಸುತ್ತಿರುವುದೇ ಕಾರಣ. ಮೊದಲು ಕೀರ್ತನೆ 13 ಗಟ್ಟಿಯಾಗಿ ಓದಿ. ಆರೇ ವಚನ, ಮೊದಲೆರಡರಲ್ಲೇ ‘ಎಷ್ಟರವರೆಗೆ’ ಎಂದು ದೇವರನ್ನು ನಾಲ್ಕು ಸಲ ಕೇಳುತ್ತದೆ. ಅಲ್ಲೇ ನಿಮ್ಮ ಸಾಲದ ಕಂತು, ಆಳುಗಳ ಕೂಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ಐದನೆಯ ವಚನದ ಭರವಸೆ ನಾಲಿಗೆಗೆ ಬರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ, ತಪ್ಪಿಲ್ಲ; ಆ ಭರವಸೆ ಬರಲು ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು. ಆಮೇಲೆ ಹಬಕ್ಕೂಕ 3:17-18. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಹಟ್ಟಿ ಎಂದು ನಷ್ಟವನ್ನು ಒಂದೊಂದಾಗಿ ಎಣಿಸಿದ ಮೇಲೆಯೇ ಅಲ್ಲಿ ಆನಂದದ ಮಾತು ಬರುತ್ತದೆ. ಕೊನೆಗೆ ಮತ್ತಾಯ 6:24ರಿಂದ 34 ಒಟ್ಟಿಗೆ ಓದಿ. ದೇವರನ್ನೂ ಹಣವನ್ನೂ ಒಟ್ಟಿಗೆ ಸೇವಿಸಲಾಗದು ಎನ್ನುವ 24 ಹಣದ ವಿಷಯದಲ್ಲಿ ಚುಚ್ಚುತ್ತದೆ, ಚುಚ್ಚಲಿ. 34 ಆಯಾ ದಿನದ ಕಷ್ಟವನ್ನು ಇಲ್ಲವೆನ್ನುವುದಿಲ್ಲ. ಓದಿ ಮುಗಿಸಿ ಇವತ್ತಿನ ಒಂದೇ ಕೆಲಸ ಬರೆದುಕೊಳ್ಳಿ, ಬೂಷ್ಟು ಹಿಡಿದದ್ದನ್ನು ಬೇರೆ ರಾಶಿ ಮಾಡುವುದಾದರೂ ಸರಿ.