ಬಾಲದ ಬುಡದ ಬಿಳಿ ಅಗುಳಿಗಿಂತ ಕುರಿಯ ಗುಳ್ಳೆ ಲಿವರ್ ಅಪಾಯ

ಅಣ್ಣ, ನಿಮ್ಮ ನಾಯಿಯ ಫೋಟೊ ಹಾಕಿ ಇದೇನು, ಮಗುವಿಗೂ ಬರುತ್ತಾ ಅಂತ ಕೇಳಿದ್ದೀರಿ. ಬಾಲದ ಬುಡಕ್ಕೆ ಅಂಟಿರೋ ಬಿಳಿ ಅನ್ನದಗುಳಿನಂಥದ್ದು ಲಾಡಿಹುಳದ ತುಂಡು. ಒಣಗಿದರೆ ಎಳ್ಳಿನ ಹಾಗೆ ಆಗುತ್ತೆ. ಇದು ಚಿಗಟದಿಂದ ಬರೋದು. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ಹೊಟ್ಟೆಗೆ ಹೋಗುತ್ತೆ, ಅದರೊಳಗಿನ ಮರಿಹುಳ ಕರುಳಲ್ಲಿ ಬೆಳೆಯುತ್ತೆ. ಮಗುವಿಗೆ ಬರಬೇಕಾದರೂ ಚಿಗಟವನ್ನೇ ನುಂಗಬೇಕು, ಹಾಗಾಗಿ ಅಪರೂಪ. ಜಂತುಹುಳದ ಮಾತ್ರೆ ಕೊಟ್ಟು ಚಿಗಟ ಹಾಗೇ ಬಿಟ್ಟರೆ ಮೂರು ವಾರಕ್ಕೆ ಅದೇ ಅಗುಳು ವಾಪಸ್. ಆಮೇಲೆ ಮಾತ್ರೆ ಡೂಪ್ಲಿಕೇಟ್ ಅಂತ ಅಂಗಡಿಯವನನ್ನ ಬೈಯೋದು!

ಹೆದರಬೇಕಾದ್ದು ನೀವು ಬರೆದ ಇನ್ನೊಂದು ಸಾಲಿಗೆ: ‘ಕುರಿ ಕುಯ್ದಾಗ ಗುಳ್ಳೆ ಇರೋ ಲಿವರ್ ನಾಯಿಗೆ ಹಾಕ್ತೀವಿ.’ ಆ ನೀರುಗುಳ್ಳೆಯಲ್ಲಿ ಎಕಿನೊಕಾಕಸ್ ಅನ್ನೋ ಬೇರೆ ಲಾಡಿಹುಳದ ಮರಿಗಳಿರುತ್ತವೆ. ನಾಯಿ ಕರುಳಲ್ಲಿ ಸುಮಾರು 6 ವಾರಕ್ಕೆ ಬಲಿತು ಮೊಟ್ಟೆ ಬಿಡುತ್ತವೆ. ಹುಳ ಕೆಲವೇ ಮಿಲಿಮೀಟರ್ ಉದ್ದ, ಮಲದಲ್ಲಿ ಕಣ್ಣಿಗೆ ಬೀಳಲ್ಲ, ನಾಯಿಯೂ ಸೊರಗಲ್ಲ. ಮೊಟ್ಟೆ ನಾಯಿ ಕೂದಲಿಂದಲೋ ಹಸಿ ಸೊಪ್ಪಿಂದಲೋ ನಮ್ಮ ಬಾಯಿಗೆ ಹೋದರೆ ಲಿವರ್, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ಎಷ್ಟೋ ಸಲ ಆಪರೇಷನ್ನೇ ಗತಿ. (ಗುಳ್ಳೆ ತಿಂದ ಮನುಷ್ಯನಿಗೆ ನೇರ ಬರಲ್ಲ, ನಡುವೆ ನಾಯಿ ಬೇಕು.)

ಕುರಿಗೆ ಕುಡಿಸೋ ಜಂತುಹುಳದ ಔಷಧಿ ಆಲ್ಬೆಂಡಜೋಲ್ ನಾಯಿಗೆ ಬೇಡ, ಮೂಳೆಮಜ್ಜೆಗೆ ಪೆಟ್ಟು ಬೀಳಬಹುದು. ಐವರ್ಮೆಕ್ಟಿನ್ ಅನ್ನೋ ಇನ್ನೊಂದು ಔಷಧಿ ಲಾಡಿಹುಳಕ್ಕೆ ನಾಟೋದೇ ಇಲ್ಲ. ಬೇಕಿರೋದು ಪ್ರಾಜಿಕ್ವಾಂಟೆಲ್, ಕೆಜಿಗೆ 5 ಮಿಗ್ರಾಂ. ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ ಪಮೋಯೇಟ್ 144 (ಇದರಲ್ಲಿ ಪೈರಾಂಟೆಲ್ 50), ಫೆಬಾಂಟೆಲ್ 150 ಮಿಗ್ರಾಂ ಸೇರಿದ ಮಾತ್ರೆ 10 ಕೆಜಿಗೆ ಒಂದು. ನಿಮ್ಮ 18 ಕೆಜಿ ನಾಯಿಗೆ ಎರಡು. ಗಬ್ಬದ ನಾಯಿಗೆ ಇದು ಬೇಡ. ತೂಕ ಅಂದಾಜು ಮಾಡಬೇಡಿ: ನಾಯಿ ಎತ್ತಿಕೊಂಡು ತೂಕದ ಮಷಿನ್ ಹತ್ತಿ, ನಿಮ್ಮ ತೂಕ ಕಳೆಯಿರಿ. ಎಲ್ಲರೂ ಮೂರು ತಿಂಗಳಿಗೊಮ್ಮೆ ಅಂತಾರೆ, ಆದರೆ ಹಸಿ ಲಿವರ್ ತಿನ್ನೋ ನಾಯಿಗೆ 6 ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಬೀಳಲೇಬೇಕು. ಇಲ್ಲದಿದ್ದರೆ ಉಳಿದ ಆರು ವಾರ ಅಂಗಳ ತುಂಬ ಮೊಟ್ಟೆ.

ಮಾತ್ರೆ ಹುಳ ಕೊಲ್ಲುತ್ತೆ, ಮೊಟ್ಟೆ ಕೊಲ್ಲಲ್ಲ. ಕೊಟ್ಟ ಮೇಲೆ ಮೂರು ದಿನ ಕಟ್ಟಿಹಾಕಿ, ಮಲ ಗುದ್ದಲಿಯಲ್ಲಿ ಎತ್ತಿ ಸುಡಿ. ಫಿನಾಯಿಲ್‌ಗೆ ಈ ಮೊಟ್ಟೆ ಜಗ್ಗಲ್ಲ, ಬೆಂಕಿ ಇಲ್ಲವೇ ಕುದಿಯೋ ನೀರೇ ಆಗಬೇಕು. ಊರಹಬ್ಬಕ್ಕೆ ಕುರಿ ಬಿದ್ದ ದಿನ ಗುಳ್ಳೆ ಇರೋ ಭಾಗ ಮುಕ್ಕಾಲು ಗಂಟೆ ಕುದಿಸಿ ಹಾಕಿ, ಇಲ್ಲ ಆಳಕ್ಕೆ ಹೂತು ಮೇಲೆ ಕಲ್ಲು ಹೇರಿ. ಬರೀ ಮಣ್ಣೆಳೆದರೆ ನಾಯಿ ರಾತ್ರಿಯೇ ಕೆದರಿ ತಿನ್ನುತ್ತೆ.

ನಾಯಿಮರಿಗಳ ವಿಷಯ: ದುಂಡುಹುಳ ತಾಯಿ ಹೊಟ್ಟೆಯಲ್ಲೇ ಅಂಟಿರುತ್ತೆ. 2, 4, 6, 8ನೇ ವಾರ ಪೈರಾಂಟೆಲ್ ಸಿರಪ್, ಕೆಜಿಗೆ 5ರಿಂದ 10 ಮಿಗ್ರಾಂ, ಜೊತೆಗೆ ತಾಯಿಗೂ. ಮರಿಯ ಒಸಡು ಬಿಳಚಿ, ಮಲ ಡಾಂಬರಿನಂತೆ ಕಪ್ಪಾದರೆ ಕೊಕ್ಕೆಹುಳ ರಕ್ತ ಹೀರಿರೋ ಲಕ್ಷಣ. ಸಿರಪ್ ನಂಬಿ ಕೂರದೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.